ಬಾದಾಮಿ ಕ್ಲೈಂಬಿಂಗ್: ವ್ಯಾನ್‌ನ್ಯಾಗ ಐದು ಮಂದಿ, ಮೂರು ದಿನ, ಒಂದು ಹಗ್ಗ ಸಾಕೇನ್ರಿ?

ಬೆಳಗಾವಿ_ವ್ಯಾನ್:
ನಮಸ್ಕಾರ್ರಿ. ಡಿಸೆಂಬರ್ ಕಡೀ ವಾರ ಐದು ಮಂದಿ ಗೆಳೆಯರು ಬೆಳಗಾವಿಯಿಂದ ಬಾದಾಮಿಗೆ ಹೊಂಟೀವಿ. ಟ್ರಾವೆಲರ್ ಗಾಡಿಯೊಳಗ ಮಲಗಾಕ, ಅಡಗಿ ಮಾಡಾಕ ಎಲ್ಲಾ ಐತಿ. ಇಬ್ಬರಿಗೆ ಲೀಡ್ (ಹಗ್ಗ ಸಿಗಿಸ್ಕೋತ ಮೊದಲು ಏರೂದು) ಮಾಡಿ ರೂಢಿ ಐತಿ, ಉಳಿದ ಮೂವರು ಟಾಪ್ ರೋಪ್ (ಮ್ಯಾಲಿಂದ ಬಂದ ಹಗ್ಗ ಕಟ್ಟಿಕೊಂಡು ಏರೂದು) ಅಷ್ಟ. 60 ಮೀಟರ್ ಹಗ್ಗ ಒಂದು, ಬಂಡಿಗೆ ಕೂಡ್ರಿಸಿದ ಬೋಲ್ಟಿಗೆ ಹಗ್ಗ ಸಿಗಿಸೂ ಕ್ವಿಕ್‌ಡ್ರಾ 10 ಅದಾವ. ಹೋಗುವಾಗ ಗೋಕಾಕ ಫಾಲ್ಸ್‌ನ್ಯಾಗ ಇದ ಹಗ್ಗದಲೆ ಕೆಳಗಿಳಿಯೂ ರ‍್ಯಾಪೆಲಿಂಗ್ ಮಾಡಬಹುದಾ? 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಮ್ಯಾಲ ಫ್ರಿಜ್ ಮೂರು ದಿನ ನಡೀತೈತೇನ್ರಿ?

ಕೆಂಪುಗಲ್ಲು:
ಮೊದಲು ಗೋಕಾಕದ ಮಾತು. ಬ್ಯಾಡ್ರಿ. ಅಲ್ಲಿ 52 ಮೀಟರ್ ಆಳ ಐತಿ. ಇಳಿದ ಮ್ಯಾಲ ಎಳಕೊಳ್ಳಾಕ ನಿಮ್ಮ ಹಗ್ಗ ಮಡಚಿ ಬಿಟ್ರ 30 ಮೀಟರಿಗೆ ಮುಗೀತು, ಉಳಿದ 22 ಮೀಟರಿಗೆ ಏನ್ ಮಾಡ್ತೀರಿ? ಎರಡು ಹಗ್ಗ ಕೂಡಿಸಿದ್ರೂ ಒದ್ದಿ ಬಂಡಿ, ಪಾಚಿ, ನೀರಿನ ಸಪ್ಪಳದಾಗ ಮ್ಯಾಲಿನವರು ಕೂಗಿದ್ದು ಕೆಳಗ ಕೇಳಂಗಿಲ್ಲ. ತೂಗುಸೇತುವೆ ನೋಡ್ರಿ, ಕರದಂಟು ಕಟ್ಟಿಸ್ಕೊಂಡು ಮುಂದ ನಡೀರಿ.

ಬಾದಾಮಿಯೊಳಗ 30 ಮೀಟರ್ ಒಳಗಿನ ರೂಟಿಗೆ ಒಂದ ಹಗ್ಗ ನಡೀತೈತಿ, ಆದ್ರ ಐದು ಮಂದಿ ಅಂದ್ರ ಕಾಯೂದ ಜಾಸ್ತಿ. ಇನ್ನೊಂದು ತರ್ರಿ. ಕ್ವಿಕ್‌ಡ್ರಾ 14 ಬೇಕು. ಕೆಳಗ ನಿಂತು ಬೋಲ್ಟ್ ಎಣಸ್ರಿ, ಆಂಕರಿಗೆ (ರೂಟಿನ ತುದಿಯಾಗ ಹಗ್ಗ ಹಾಕೂ ಬೋಲ್ಟು, ರಿಂಗು) ಎರಡು ಕೂಡಿಸ್ರಿ. ಲಾಕಿಂಗ್ ಕ್ಯಾರಬಿನರ್ (ಬಾಯಿಗೆ ಲಾಕ್ ಇರೂ ಲೋಹದ ಕೊಂಡಿ) ಒಬ್ಬೊಬ್ಬರಿಗೆ ಮೂರು, 120 ಸೆಂಟಿಮೀಟರ್ ಸ್ಲಿಂಗ್ (ಪಟ್ಟಿಯ ಕುಣಿಕಿ) ಎರಡು, ಹೆಲ್ಮೆಟ್ ಎಲ್ಲಾರಿಗೂ. ಮಂಗ್ಯಾ ಮ್ಯಾಲ ಓಡಾಡಿದ್ರೂ ಸಣ್ಣ ಕಲ್ಲು ಉದರತಾವ.

ಟಾಪ್ ರೋಪ್ ಹಾಕುವಾಗ ಹಗ್ಗ ನಿಮ್ಮ ಲಾಕಿಂಗ್ ಕ್ಯಾರಬಿನರ್ ಮ್ಯಾಲ ಓಡಬೇಕು, ಗ್ವಾಡಿಗಿರೂ ರಿಂಗಿನ ಮ್ಯಾಲ ಅಲ್ಲ. ಹಗ್ಗದಾಗ ಕೂತ ಮರಳು ಉಸುಕಕಾಗದ ಇದ್ದಂಗ, ಕಬ್ಬಿಣ ತಿಂತೈತಿ. ಕಡೀಕ ಏರಿದವರಷ್ಟ ರಿಂಗಿನಿಂದ ಇಳೀಬೇಕು: ಎರಡೂ ಸ್ಲಿಂಗ್ ಆಂಕರಿಗೆ ಹಾಕಿ ಭಾರ ಬಿಡ್ರಿ, ಹಗ್ಗದ ಮಡಿಕಿ ರಿಂಗಿನೊಳಗ ತೂರಸ್ರಿ, ಆ ಮಡಿಕಿಗೆ ಎಂಟರ ಗಂಟು ಹಾಕಿ ಲಾಕಿಂಗ್ ಕ್ಯಾರಬಿನರ್‌ದಲೆ ಹಾರ್ನೆಸ್ಸಿನ (ಸೊಂಟಕ್ಕ ಕಟ್ಟೂ ಪಟ್ಟಿ) ಬಿಲೇ ಲೂಪಿಗೆ ಹಾಕ್ರಿ, ಆಮ್ಯಾಲ ಹಳೇ ಗಂಟು ಬಿಚ್ಚಿ ಅದರ ತುದಿ ರಿಂಗಿನಿಂದ ಎಳಕೊಳ್ರಿ. ಬಿಲೇಯರ್ (ಕೆಳಗ ಹಗ್ಗ ಹಿಡಿದವರು) ಹಗ್ಗ ಬಿಗಿ ಮಾಡಿ, ನಿಮ್ಮ ಭಾರ ಅದರ ಮ್ಯಾಲ ಕೂತದ್ದು ಕಣ್ಣಿಲೆ ಕಂಡ ಮ್ಯಾಲ ಸ್ಲಿಂಗ್ ತಗೀರಿ. ಕೆಳಗಿನ ತುದಿಗೆ ಗಂಟು ಇರಲೇಬೇಕ್ರಿ. ಇಳಿಸುವಾಗ ಹಗ್ಗದ ತುದಿ ಅದನ್ನ ತಡಿಯೂ ಬಿಲೇ ಡಿವೈಸಿನಿಂದ ಜಾರಿ ಹೋದ್ರ ಮ್ಯಾಲಿನವರು ಸೀದಾ ನೆಲಕ್ಕ.

ಅಗಸ್ತ್ಯತೀರ್ಥ:
ಬಾದಾಮಿಯದು ಮರಳುಗಲ್ಲು. ನೀರು ಕುಡಿದರೆ ಮರಳಿನ ಕಣಗಳ ಹಿಡಿತ ಸಡಿಲಾಗಿ ಹಿಡಿಗಲ್ಲು ಕೈಗೇ ಕಿತ್ತು ಬರುತ್ತದೆ, ಬೋಲ್ಟಿನ ಸುತ್ತಲೂ ಅದೇ ಸ್ಥಿತಿ. ಡಿಸೆಂಬರಿನಲ್ಲಿ ಮಳೆ ಅಪರೂಪ, ಬಂದರೆ ಮಾತ್ರ ಮೇಲೆ ಒಣಗಿದ್ದನ್ನು ನಂಬಬೇಡಿ. ಬಂಡೆಯ ಬುಡದ ಮಣ್ಣನ್ನು ನಾಲ್ಕು ಬೆರಳು ಆಳ ಕೆದರಿ. ತಣ್ಣಗೆ, ಬೆರಳಿಗೆ ಮೆತ್ತಿಕೊಂಡರೆ ಆ ದಿನ ಪಟ್ಟದಕಲ್ಲಿಗೆ ಹೋಗಿ ಬನ್ನಿ, ಹೆಚ್ಚೂಕಡಿಮೆ 22 ಕಿಲೋಮೀಟರ್. ಹ್ಯಾಂಗರ್ (ಬೋಲ್ಟಿಗೆ ಬಿಗಿದ ಲೋಹದ ಕಿವಿ) ತಿರುಗುತ್ತಿದ್ದರೆ ನಟ್ ಸಡಿಲವಾಗಿದೆ ಎಂದು ಅರ್ಥ. ಬೋಲ್ಟೇ ಕಲ್ಲಿನಲ್ಲಿ ಅಲುಗಾಡಿದರೆ ಆ ರೂಟ್ ಬಿಟ್ಟುಬಿಡಿ.

ಕೈಮುಗಿದು ಕೇಳುವುದು ಒಂದೇ: ಬೋಲ್ಟ್ ಇರುವ, ಸ್ಥಳೀಯ ಗೈಡ್ ತೋರಿಸಿದ ಗೋಡೆಗಳಲ್ಲಷ್ಟೇ ಹತ್ತಿ. ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು, ಕಪ್ಪೆ ಅರಭಟ್ಟನ ತ್ರಿಪದಿ ಇರುವುದೂ ಬಂಡೆಯ ಮೈಮೇಲೆಯೇ. ಕೆತ್ತನೆ, ಶಾಸನ, ಗುಡಿ ಇರುವ ಕಡೆ ಚಾಕ್ (ಕೈ ಜಾರದಿರಲು ಹಚ್ಚುವ ಬಿಳಿ ಪುಡಿ) ಹಚ್ಚಿದ ಕೈ ಕೂಡ ಊರಬಾರದು. ಹತ್ತಿದ ರೂಟಿನ ಚಾಕನ್ನೂ ಮೆತ್ತನೆಯ ಬ್ರಷ್‌ನಿಂದ ಉಜ್ಜಿ ಬನ್ನಿ, ತಂತಿ ಬ್ರಷ್ ಬೇಡವೇ ಬೇಡ. ಹೆಜ್ಜೇನು ಕಂಡರೆ ಅದರ ಹತ್ತಿರ ಹಗ್ಗ ಬಿಚ್ಚುವುದೂ ಬೇಡ.

ಚಕ್ರಮನೆ:
ಬ್ಯಾಟರಿ ಲೆಕ್ಕ ನೋಡಿ. 45 ವಾಟ್ ಕಂಪ್ರೆಸರ್ ಫ್ರಿಜ್ ದಿನದಲ್ಲಿ ಅರ್ಧ ಹೊತ್ತು ಓಡಿದರೂ 540 ವಾಟ್‌ಅವರ್. 100 ಎಎಚ್ ಲಿಥಿಯಂನಿಂದ ಸುಮಾರು 1000 ಸಿಗುತ್ತದೆ, ಅಂದರೆ ಎರಡು ದಿನದೊಳಗೆ ಖಾಲಿ. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಕೆಳಗಿಳಿಸಬಾರದು, ಒಂದೇ ದಿನ. ಗಾಡಿ ಓಡುವಾಗ ಈ ಬ್ಯಾಟರಿ ತುಂಬುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಗಾಡಿ ಒಂದೂವರೆ ತಾಸು ಓಡಿದಾಗ ಒಂದು ದಿನದ್ದು ತುಂಬುತ್ತದೆ. ಅದು ಲಿಥಿಯಂಗೆ. ಲೆಡ್ ಆಸಿಡ್ ಇಷ್ಟು ಬೇಗ ತುಂಬುವುದಿಲ್ಲ.

ಒಲೆ ಹಚ್ಚುವಾಗ ಎದುರುಬದುರು ಎರಡು ಕಿಟಕಿ ತೆರೆದಿರಲಿ. ಚಳಿಯೆಂದು ಬಾಗಿಲು ಮುಚ್ಚಿ ಒಲೆಯಿಂದ ಬೆಚ್ಚಗಾಗಲು ಹೋದರೆ ಕಾರ್ಬನ್ ಮಾನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ. ಗಾಡಿ ಅಲುಗಾಡಿ ರೆಗ್ಯುಲೇಟರ್ ಸಡಿಲಾಗುತ್ತದೆ, ದಿನಾ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ. ಅಡುಗೆ ಮುಗಿದ ಮೇಲೆ ಕಿಟಕಿಗೆ ಜಾಳಿಗೆ ಹಾಕಿ, ಮಂಗಗಳು ಬ್ರೆಡ್ಡಿನ ಜತೆ ಚಾಕ್ ಚೀಲವನ್ನೂ ಒಯ್ಯುತ್ತವೆ.

ಹಗ್ಗ, ಹಾರ್ನೆಸ್, ಸ್ಲಿಂಗ್ ಬ್ಯಾಟರಿ ಹತ್ತಿರ ಇಡಬೇಡಿ. ಆಸಿಡ್ ನೈಲಾನ್ ತಿನ್ನುವುದು ಕಣ್ಣಿಗೆ ಕಾಣುವುದೇ ಇಲ್ಲ.

ಬೆಳಗಾವಿ_ವ್ಯಾನ್:
ಗೋಕಾಕ ಬಿಟ್ವಿ ರಿ. ನಮ್ದು ಲೆಡ್ ಆಸಿಡ್, ಹಗ್ಗದ ಚೀಲ ಅದರ ಬಾಜೂದ ಡಬ್ಬಿಯೊಳಗ ಐತಿ. ಕಲಿ ಏನೂ ಕಾಣಂಗಿಲ್ಲ. ಬಳಸಬಹುದಾ?

ಚಕ್ರಮನೆ:
ಬೇಡ. ಕಲೆ ಇಲ್ಲ ಎಂದ ಮಾತ್ರಕ್ಕೆ ಆಸಿಡ್ ತಾಗಿಲ್ಲ ಅನ್ನುವಂತಿಲ್ಲ, ಎಳೆದು ನೋಡಿಯೂ ತಿಳಿಯದು. ಹೊಸದನ್ನೇ ಕೊಳ್ಳಿ. ಹಳೆಯದನ್ನು ಎರಡೆರಡು ಮೀಟರಿಗೆ ಕತ್ತರಿಸಿ ಸಾಮಾನು ಬಿಗಿಯಲು ಇಟ್ಟುಕೊಳ್ಳಿ. ಇಡೀ ಉಳಿದರೆ ಯಾರೋ ಒಬ್ಬರು ಅದಕ್ಕೇ ಜೋತುಬೀಳುತ್ತಾರೆ.