ಬರಲ್ಲ ಅಂತ ಗೊತ್ತಿರುವವನು ‘ಹೋಗಿ ಬರ್ತೀನಿ’ ಅನ್ನಬಹುದಾ?

ಗೌರಿಬಿದನೂರು ನರ್ಸಮ್ಮ:

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷ ಕುವೈತ್‌ನಲ್ಲಿ ನರ್ಸ್ ಆಗಿದ್ದೆ. ರೂಮಿನಲ್ಲಿ ಜೊತೆಗಿದ್ದವಳು ಫಿಲಿಪೀನ್ಸ್‌ನವಳು. ಪ್ರತಿ ಡಿಸೆಂಬರ್ 30ಕ್ಕೆ ಕುಕ್ಕರ್ ಮುಚ್ಚಳದ ಮೇಲೆ ಎರಡು ಬೆರಳಲ್ಲಿ ತಾಳ ಹಾಕ್ಕೊಂಡು ಒಂದು ಹಾಡು ಹೇಳುತ್ತಿದ್ದಳು. ನೈಟ್ ಡ್ಯೂಟಿ ಮುಗಿಸಿ ಬಂದಿದ್ದರೂ ಅಷ್ಟೇ, ಹಾಡದೆ ಮಲಗುತ್ತಿರಲಿಲ್ಲ. ಅರ್ಥ ತಿಳಿಯುವ ಮುಂಚೆಯೇ ಧಾಟಿ ನನ್ನ ಬಾಯಿಗೆ ಬಂದುಬಿಟ್ಟಿತ್ತು.

ಅದು ಫಿಲಿಪೀನ್ಸ್‌ನವರು ರಾಷ್ಟ್ರವೀರ ಅಂತ ನೆನೆಯುವ ಹೊಸೆ ರಿಸಾಲ್ ಸಾಯುವ ಮುಂಚೆ ತನ್ನ ತಾಯ್ನಾಡಿಗೆ ಬರೆದ ಪದ್ಯ. ಆತ ಕಣ್ಣಿನ ಡಾಕ್ಟ್ರು. ಹೆತ್ತ ತಾಯಿಯ ಕಣ್ಣಿನ ಪೊರೆಯನ್ನು ತಾನೇ ತೆಗೆದವನು. ಆಗ ಆ ದೇಶ ಆಳುತ್ತಿದ್ದ ಸ್ಪೇನಿನವರು 1896ರ ಡಿಸೆಂಬರ್ 30ರ ಬೆಳಗ್ಗೆ ಮನಿಲಾದಲ್ಲಿ ಆತನನ್ನು ನಿಲ್ಲಿಸಿ ಗುಂಡು ಹೊಡೆದರು. ಆಗ ಬರೀ 35 ವರ್ಷ. ಗುಂಡು ಹಾರಿಸುವ ಮುಂಚೆ ಸೈನ್ಯದ ಡಾಕ್ಟ್ರು ನಾಡಿ ಹಿಡಿದು ನೋಡಿದರಂತೆ, ಒಂದಿಷ್ಟೂ ಏರುಪೇರಿಲ್ಲ. ದಿನಾ ಪಲ್ಸ್ ನೋಡುವ ನನಗೆ ಇವತ್ತಿಗೂ ಮೈ ಜುಮ್ಮೆನ್ನುವುದು ಅಲ್ಲೇ.

ಪದ್ಯದ ಹಾಳೆ ಮಡಚಿ ಒಂದು ಪುಟ್ಟ ಸ್ಪಿರಿಟ್ ಸ್ಟೌ ಒಳಗೆ ತುರುಕಿಟ್ಟಿದ್ದ. ನೋಡಲು ಬಂದ ತಂಗಿಗೆ, ಕಾವಲಿನವರಿಗೆ ತಿಳಿಯದಿರಲಿ ಅಂತ, ‘ಒಳಗೆ ಏನೋ ಇದೆ’ ಅಂತ ಇಂಗ್ಲಿಷಿನಲ್ಲಿ ಹೇಳಿದ. ಪದ್ಯಕ್ಕೆ ಹೆಸರನ್ನೂ ಇಟ್ಟಿರಲಿಲ್ಲ. ‘ಕೊನೆಯ ವಿದಾಯ’ ಅನ್ನುವ ಹೆಸರು ಆಮೇಲೆ ಬೇರೆಯವರು ಇಟ್ಟಿದ್ದು. ಆ ಹಾಳೆ ಸ್ಪಿರಿಟ್ ವಾಸನೆ ಹೊಡೀತಿತ್ತೇನೋ ಅಂತ ನನಗೆ ಸುಮ್ನೆ ಅನ್ನಿಸುತ್ತೆ.

ಈಗ ವಿಷಯಕ್ಕೆ ಬರ್ತೀನಿ. ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಹೋರಾಟದ ಕಾಲದ, 1938ರ ಏಪ್ರಿಲ್ 25ರ ಗೋಲಿಬಾರಿನಲ್ಲಿ ಸತ್ತವರ ನೆನಪಿಗೆ ಇದನ್ನು ಕನ್ನಡದಲ್ಲಿ ಹಾಡೋಣ ಅಂತ ನಮ್ಮ ಭಜನೆಯ ಹೆಂಗಸರು ಹಿಡಿದುಕೊಂಡಿದ್ದಾರೆ. ಬರೆಯಲು ಕೂತರೆ ಮೊದಲ ಪದದಲ್ಲೇ ಸಿಕ್ಕಿಹಾಕಿಕೊಂಡೆ. ಸ್ಪ್ಯಾನಿಷ್‌ನವರು ಹೊರಡುವಾಗ ಹೇಳುವ ‘ಅಡಿಯೋಸ್’ಗೆ ಏನು ಹಾಕಲಿ? ‘ವಿದಾಯ’ ಅಂದರೆ ಆಫೀಸಿನ ಬೀಳ್ಕೊಡುಗೆ, ಶಾಲು, ಹಾರ ನೆನಪಾಗುತ್ತೆ. ‘ಹೋಗ್ತೀನಿ’ ಅಂದರೆ ನಮ್ಮಮ್ಮ ‘ಬಿಡ್ತು ಅನ್ನು’ ಅಂತ ಗದರುತ್ತಾರೆ. ಹೋಗಿ ಬರ್ತೀನಿ ಅನ್ನಬೇಕು. ಪಕ್ಕದ ತೆಲುಗಿನವರ ಮನೆಯಲ್ಲೂ ‘ಪೋಯೊಸ್ತಾ’ ಅಂತಲೇ ಅನ್ನೋದು. ಆದರೆ ಬೆಳಗಾದರೆ ಸಾಯುವವನು ಹೋಗಿ ಬರ್ತೀನಿ ಅಂದರೆ ಸುಳ್ಳಾಗಲ್ವಾ?

ಶಿರಾ ಮೇಷ್ಟ್ರು:

ಸುಳ್ಳಲ್ಲಮ್ಮ. ಪದ್ಯ ಪೂರ್ತಿ ಓದಿ. ನನ್ನ ಗೋರಿ ಮೇಲೆ ಹುಲ್ಲಿನ ನಡುವೆ ಒಂದು ಸಾದಾ ಹೂ ಅರಳಿದ್ದರೆ ತುಟಿಗೆ ಒತ್ತಿಕೋ ಅಂತಾನೆ. ರಾತ್ರಿ ಸ್ಮಶಾನದಲ್ಲಿ ತಂತಿಯ ನಾದ ಕೇಳಿದರೆ ಅದು ನಾನೇ, ನಿನಗಾಗಿ ಹಾಡ್ತಿದ್ದೀನಿ ಅಂತಾನೆ. ಇದು ಬರುವುದಲ್ಲದೆ ಇನ್ನೇನು? ‘ಹೋಗಿ ಬರುವೆ ತಾಯ ನೆಲವೆ’ ಅಂತ ಎತ್ತಿಕೊಳ್ಳಿ. ಮೂರು ಮೂರು ಮಾತ್ರೆ, ತಾಳಕ್ಕೆ ಸಲೀಸಾಗಿ ಕೂರುತ್ತೆ.

ನಿಜವಾದ ತೊಡಕು ಬೇರೆ ಇದೆ. ಮೂಲ ಸ್ಪ್ಯಾನಿಷ್‌ನಲ್ಲಿ 14 ನುಡಿ, ಒಂದೊಂದಕ್ಕೂ ಐದು ಸಾಲು. ನಮ್ಮ ಕಿವಿಗೆ ನಾಲ್ಕು ಗೊತ್ತು, ಆರು ಗೊತ್ತು. ಐದಕ್ಕೆ ನಿಲ್ಲಿಸಿದರೆ ಮೆಟ್ಟಿಲು ತಪ್ಪಿದ ಹಾಗಾಗುತ್ತೆ. ಐದನೇ ಸಾಲನ್ನು ಹಿಮ್ಮೇಳದವರು ಇನ್ನೊಂದು ಸಲ ಎತ್ತಲಿ, ಆರಾಯಿತು. ಅದನ್ನು ಷಟ್ಪದಿ ಅಂತ ಕರೆದರೆ ನನ್ನ ಗುರುಗಳು ಎದ್ದು ಬಂದು ಹೊಡೀತಾರೆ, ಆದರೆ ಭಜನೆಗೆ ಸಾಕು. 14 ನುಡಿ ಹಾಡಬೇಡಿ, ಬಿಸಿಲಲ್ಲಿ ಜನ ಎದ್ದು ಹೋಗ್ತಾರೆ. ನಾಲ್ಕು ಆರಿಸಿಕೊಳ್ಳಿ.

ಕೋಲಾರದ ತಮಟೆ:

ಮೇಷ್ಟ್ರೇ, ಒಪ್ಪಲ್ಲ. ಕೊನೆಗೆ ಆತ ಹೇಳೋದು, ಗುಲಾಮರಿಲ್ಲದ, ಗಲ್ಲಿಗೇರಿಸುವವರಿಲ್ಲದ ಕಡೆಗೆ ಹೋಗ್ತೀನಿ ಅಂತ. ಬರ್ತೀನಿ ಅಂತ ಅಲ್ಲ. ಅಮ್ಮಂದಿರ ಮನಸ್ಸಿಗೆ ನೋವಾಗುತ್ತೆ ಅಂತ ಆ ಮಾತನ್ನು ಮೆತ್ತಗೆ ಮಾಡಬೇಡಿ. ನಾನಾಗಿದ್ದರೆ ‘ಹೊರಟೆ’ ಅಂತ ಒಂದೇ ಪದ ಹಾಕಿ, ಒಂದು ಏಟು ಬಾರಿಸಿ, ಸುಮ್ಮನೆ ನಿಲ್ಲಿಸುತ್ತಿದ್ದೆ. ಅಕ್ಕ, ತಮಟೆ ಬೇಕಿದ್ದರೆ ಹೇಳಿ, ಬರ್ತೀನಿ. ನೋಡಿ, ಬರ್ತೀನಿ ಅಂತ ನನ್ನ ಬಾಯಲ್ಲೂ ಬಂತು.

ಗೌರಿಬಿದನೂರು ನರ್ಸಮ್ಮ:

ಇಬ್ಬರಿಗೂ ಥ್ಯಾಂಕ್ಸ್. ಎರಡು ದಿನ ಅಮ್ಮನ ಹತ್ತಿರ, ಭಜನೆಯವರ ಹತ್ತಿರ ಇದೇ ಚರ್ಚೆ. ಕೊನೆಗೆ ಆ ಗೆಳತಿಗೇ ಫೋನ್ ಮಾಡಿದೆ. ಅವಳು ಹಾಡುತ್ತಿದ್ದದ್ದು ಸ್ಪ್ಯಾನಿಷ್ ಅಲ್ಲ, ಅವರ ಭಾಷೆ ತಗಾಲೋಗ್‌ನ ಅನುವಾದ. ಅದರಲ್ಲಿ ‘ಪಾ-ಆಲಮ್’ ಅಂತ ಬರುತ್ತೆ. ಹಾಗಂದರೇನು ಅಂತ ಬಿಡಿಸಿ ಕೇಳಿದೆ. ‘ಆಲಮ್’ ಅಂದರೆ ತಿಳಿಯೋದು. ತಿಳಿಸಿ ಹೊರಡೋದೇ ಪಾ-ಆಲಮ್. ದೊಡ್ಡವರಿಗೆ ಒಂದು ಮಾತು ಹೇಳದೆ ಮನೆ ಬಿಡಬಾರದು ಅಂತ ಅವರಲ್ಲೂ ಇದೆಯಂತೆ.

ನಾವೂ ‘ಹೇಳಿ ಹೋಗೋಣ ಅಂತ ಬಂದೆ’ ಅಂತೀವಲ್ವಾ! ಊರು ಬಿಡುವವರು ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡದೆ ಹೇಳೋದು ಅದನ್ನೇ. ಕುವೈತ್‌ಗೆ ಹೊರಟಾಗ ನಾನು ಬೀದಿಯ ಪ್ರತಿ ಮನೆಗೂ ಹೋಗಿ ಹೇಳಿ ಬಂದಿದ್ದೆ.

ಮೇಷ್ಟ್ರೇ, ‘ಹೇಳಿ ಹೊರಟೆ ತಾಯ ನೆಲವೆ’ ಅಂದರೆ ಮಾತ್ರೆ ಸರಿ ಇದೆ ತಾನೇ? ತಮಟೆ ಅಣ್ಣನ ‘ಹೊರಟೆ’ಯೂ ಒಳಗೆ ಬಂತು. ಅಮ್ಮನಿಗೆ ಹಾಡಿ ತೋರಿಸಿದೆ, ಈ ಸಲ ಬಿಡ್ತು ಅನ್ನು ಅನ್ನಲಿಲ್ಲ. ಐದನೇ ಸಾಲು ಮಾತ್ರ ಇನ್ನೂ ಒಂದು ಏಟು ಜಾಸ್ತಿ ಆಗ್ತಿದೆ. ಭಾನುವಾರ ಸಂಜೆ ಪ್ರಾಕ್ಟೀಸ್ ಇದೆ. ಅಣ್ಣ, ತಮಟೆ ಕಾಯಿಸಿಕೊಂಡೇ ಬನ್ನಿ.