ಸ್ಟ್ಯಾಟಿಕ್ ಅರೇ 1 ಎಂಬಿ ತಿನ್ನುತ್ತಿತ್ತು, ಚಿಕ್ಕದು ಮಾಡಿದ ಮೇಲೆ ಕಾಸಾನ್ ತಪ್ಪು ತೋರಿಸುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 128 ಎಂಬಿ ರ‍್ಯಾಮ್, 4 ಕೋರ್ ಇರುವ ಒಂದು ಆರ್ಮ್64 ಬೋರ್ಡ್‌ಗೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. ಇಂಟರಪ್ಟ್ ಬಂದ ಸಮಯವನ್ನು ಬರೆದಿಡಲು ಪ್ರತಿ ಸಿಪಿಯುಗೂ ಒಂದು ಪಟ್ಟಿ ಇದೆ. ಒಂದು ದಾಖಲೆ 64 ಬೈಟ್, ಪಟ್ಟಿಗೆ 32 ದಾಖಲೆ. ಅಲ್ಲಿಗೆ ಸಿಪಿಯುಗೆ 2 ಕೆಬಿ. ಈ ಪಟ್ಟಿಗಳನ್ನೆಲ್ಲ ಇಡುವ ಸ್ಟ್ಯಾಟಿಕ್ ಅರೇಯ ಉದ್ದ ಎನ್‌ಆರ್_ಸಿಪಿಯುಎಸ್ (ಕರ್ನಲ್ ಹೆಚ್ಚೆಂದರೆ ಎಷ್ಟು ಸಿಪಿಯು ಬೆಂಬಲಿಸಬೇಕು ಎಂಬ ಸಂಖ್ಯೆ) ಎಂದು ಕೊಟ್ಟಿದ್ದೆ. ನನ್ನ ಕಾನ್ಫಿಗ್‌ನಲ್ಲಿ ಅದರ ಬೆಲೆ 512. ಎನ್‌ಎಮ್ ಕಮಾಂಡ್‌ನಲ್ಲಿ (ಕಂಪೈಲ್ ಆದ ಫೈಲ್‌ನಲ್ಲಿರುವ ಹೆಸರುಗಳನ್ನು ತೋರಿಸುವುದು) ಗಾತ್ರದ ಪ್ರಕಾರ ಜೋಡಿಸಿ ನೋಡಿದಾಗ ಗಾಬರಿಯಾಯಿತು. ಈ ಒಂದು ಅರೇಗೇ 1 ಎಂಬಿ!

ಆದರೆ ಕರ್ನಲ್ ಇಮೇಜ್ ಫೈಲ್ ಏನೂ ದಪ್ಪ ಆಗಿಲ್ಲ. ಹಾಗಾದರೆ ಇದು ನಿಜವಾದ ನಷ್ಟವೇ? ಕಾನ್ಫಿಗ್‌ನಲ್ಲಿ 512 ಅನ್ನು 4 ಮಾಡಬಹುದು, ಗೊತ್ತು. ಆದರೆ ಇದೇ ಇಮೇಜ್ ದೊಡ್ಡ ಯಂತ್ರಗಳಲ್ಲೂ ಓಡಬೇಕು.

ಉತ್ತರ 1

ನಿಜವಾದ ನಷ್ಟವೇ. ನಿಮ್ಮ ಅರೇಗೆ ಆರಂಭದ ಬೆಲೆ ಕೊಟ್ಟಿಲ್ಲ, ಹಾಗಾಗಿ ಅದು ಬಿಎಸ್‌ಎಸ್ ಭಾಗದಲ್ಲಿದೆ, ಅಂದರೆ ಸೊನ್ನೆಯಿಂದ ಶುರುವಾಗುವ ವೇರಿಯಬಲ್‌ಗಳ ಜಾಗದಲ್ಲಿ. ಎನ್‌ಎಮ್ ಅದರ ಮುಂದೆ 'ಬಿ' ಅಕ್ಷರ ತೋರಿಸಿರುತ್ತದೆ, ನೋಡಿ. ಬಿಎಸ್‌ಎಸ್ ಫೈಲ್‌ನಲ್ಲಿ ಜಾಗ ಹಿಡಿಯುವುದಿಲ್ಲ, ರ‍್ಯಾಮ್‌ನಲ್ಲಿ ಪೂರ್ತಿ ಹಿಡಿಯುತ್ತದೆ.

ತುಂಬಾ ಜನ ಎಡವುವುದು ಇಲ್ಲೇ. ಸಾಮಾನ್ಯ ಪ್ರೋಗ್ರಾಂನಲ್ಲಿ ದೊಡ್ಡ ಅರೇ ಇಟ್ಟು ಮುಟ್ಟದೇ ಬಿಟ್ಟರೆ ಆ ಪುಟಗಳಿಗೆ ರ‍್ಯಾಮ್ ಖರ್ಚಾಗುವುದಿಲ್ಲ. ಮುಟ್ಟಿದಾಗಷ್ಟೇ ಪುಟ ಸಿಗುತ್ತದೆ. ಕರ್ನಲ್‌ಗೆ ಆ ಅನುಕೂಲ ಇಲ್ಲ. ಬೂಟ್ ಆಗುವಾಗಲೇ ಬಿಎಸ್‌ಎಸ್ ಪೂರ್ತಿ ಸೊನ್ನೆ ತುಂಬುತ್ತದೆ. ಆಮೇಲೆ ಅದು ಸ್ವಾಪ್‌ಗೂ ಹೋಗುವುದಿಲ್ಲ, ಯಂತ್ರ ಆರುವವರೆಗೂ ಅಲ್ಲೇ ಇರುತ್ತದೆ. ಬೂಟ್ ಲಾಗ್‌ನಲ್ಲಿ 'ಮೆಮರಿ' ಎಂದು ಶುರುವಾಗುವ ಸಾಲಿನಲ್ಲಿ ಬಿಎಸ್‌ಎಸ್ ಎಷ್ಟು ಎಂದು ಬೇರೆಯಾಗಿಯೇ ಬರೆದಿರುತ್ತದೆ. ಮೊದಲು ಅದನ್ನು ಗುರುತು ಮಾಡಿಕೊಳ್ಳಿ, ಆಮೇಲೆ ಹೋಲಿಸಲು ಬೇಕಾಗುತ್ತದೆ.

ಸ್ಟ್ಯಾಟಿಕ್ ಅರೇ ತೆಗೆದು, ಡ್ರೈವರ್ ಶುರುವಾಗುವಾಗ ಕೆಕ್ಯಾಲಕ್‌ನಿಂದ (ಓಡುವಾಗ ಮೆಮರಿ ಕೊಡುವ ಕರ್ನಲ್ ಫಂಕ್ಷನ್) ಬೇಕಾದಷ್ಟೇ ಪಡೆಯಿರಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. ನಮ್_ಪಾಸಿಬಲ್_ಸಿಪಿಯುಸ್ (ಯಂತ್ರದಲ್ಲಿ ಇರಬಹುದಾದ ಸಿಪಿಯುಗಳ ಎಣಿಕೆ) ಕೊಟ್ಟ ಸಂಖ್ಯೆಗೆ ಕೆಕ್ಯಾಲಕ್ ಮಾಡಿದೆ. ಎರಡು ದಿನ ಚೆನ್ನಾಗಿಯೇ ಓಡಿತು. ಇವತ್ತು ಸುಮ್ನೆ ಒಮ್ಮೆ ನೋಡೋಣ ಅಂತ ಕಾಸಾನ್ (ಕರ್ನಲ್‌ನಲ್ಲಿ ಮೆಮರಿ ತಪ್ಪುಗಳನ್ನು ಹಿಡಿಯುವ ಸಾಧನ) ಹಾಕಿ ಕಂಪೈಲ್ ಮಾಡಿದೆ. ಮೊದಲ ನಿಮಿಷದಲ್ಲೇ 'ಸ್ಲ್ಯಾಬ್ ಔಟ್ ಆಫ್ ಬೌಂಡ್ಸ್' (ಪಡೆದ ಮೆಮರಿಯ ಗಡಿ ದಾಟಿದೆ) ಎಂದು ಬಂತು. ತಪ್ಪು ತೋರಿಸುವುದು ಪಟ್ಟಿಗೆ ಬರೆಯುವ ಸಾಲಿನಲ್ಲೇ. ಇಂಡೆಕ್ಸ್ ಆಗಿ ಬಳಸಿದ್ದು ಸಿಪಿಯು ನಂಬರ್ ಮಾತ್ರ. ಕಾಸಾನ್ ಇಲ್ಲದಾಗ ಯಾಕೆ ಏನೂ ಆಗಲಿಲ್ಲ ಎನ್ನುವುದೂ ಅರ್ಥ ಆಗುತ್ತಿಲ್ಲ.

ಉತ್ತರ 2

/ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು ಒಳಗೆ 'ಪಾಸಿಬಲ್' ಎಂಬ ಫೈಲ್ ಇದೆ. ಅದರಲ್ಲಿ ಏನಿದೆ ಹೇಳಿ.

ಪ್ರಶ್ನೆ ಕೇಳಿದವರು

'0-1,3' ಎಂದಿದೆ. 2 ಎಲ್ಲಿ ಹೋಯಿತು?

ಉತ್ತರ 2

ಅದೇ ಕಾರಣ. ನಿಮ್ಮಲ್ಲಿ ಲೆಕ್ಕಕ್ಕೆ ಸಿಗುವ ಸಿಪಿಯು 3, ಆದರೆ ಅತಿ ದೊಡ್ಡ ನಂಬರ್ ಕೂಡ 3. ಮೂರು ಅಂಶದ ಅರೇಗೆ ಇಂಡೆಕ್ಸ್ 0, 1, 2 ಮಾತ್ರ. ಸಿಪಿಯು 3 ಬರೆದದ್ದು ಅರೇಯ ಆಚೆಗೆ. ಎಷ್ಟು ಸಿಪಿಯು ಇವೆ ಎನ್ನುವುದು ಬೇರೆ, ನಂಬರ್ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದು ಬೇರೆ. ನಡುವೆ ತೂತು ಇರಬಹುದು. ಇಂಡೆಕ್ಸ್‌ಗೆ ಬೇಕಾದ ಉದ್ದ ಎನ್‌ಆರ್_ಸಿಪಿಯು_ಐಡೀಸ್. ಅದು ಕೊನೆಯ ನಂಬರ್‌ಗೆ ಒಂದು ಕೂಡಿಸಿದ್ದು, ನಿಮ್ಮಲ್ಲಿ 4.

ಈಗ ಎರಡು ದಿನ ಯಾಕೆ ಓಡಿತು ಎನ್ನುವುದು. ನೀವು ಕೇಳಿದ್ದು 3 ಸಲ 2048, ಅಂದರೆ 6144 ಬೈಟ್. ಅಷ್ಟು ಅಳತೆಯ ಡಬ್ಬಿ ಸ್ಲ್ಯಾಬ್‌ನಲ್ಲಿ (ಕರ್ನಲ್ ಮೆಮರಿ ಹಂಚುವ ವ್ಯವಸ್ಥೆ) ಇಲ್ಲ. ಮುಂದಿನದು 8192, ಅದನ್ನೇ ಕೊಟ್ಟಿದೆ. ಉಳಿದ ಜಾಗ ಸರಿಯಾಗಿ 2048 ಬೈಟ್. ಸಿಪಿಯು 3ರ ಪಟ್ಟಿ ಅಲ್ಲೇ ಕೂತಿತ್ತು, ಯಾರ ಡೇಟಾವನ್ನೂ ಮುಟ್ಟಲಿಲ್ಲ. ಕಾಸಾನ್ ನೀವು ಕೇಳಿದ ಅಳತೆಯನ್ನೇ ಗಡಿ ಎಂದು ಇಟ್ಟುಕೊಳ್ಳುತ್ತದೆ, ಅದಕ್ಕೇ ಹಿಡಿಯಿತು. ನಾಳೆ 5 ಸಿಪಿಯು ಇರುವ ಯಂತ್ರದಲ್ಲಿ ಒಂದು ನಂಬರ್ ತಪ್ಪಿದ್ದರೂ ಇದೇ ಕೋಡ್ 8192ರ ಗಡಿ ದಾಟಿ ಪಕ್ಕದವರ ಡೇಟಾ ಕೆಡಿಸುತ್ತಿತ್ತು: 4 ಸಲ 2048, ಉಳಿದ ಜಾಗವೇ ಇಲ್ಲ. ನೀವು ಕಾಸಾನ್ ಹಾಕಿದ್ದು ಬಹಳ ಒಳ್ಳೆಯದಾಯಿತು.

ಆದರೆ ಇಲ್ಲಿ ಅರೇಯೇ ಬೇಡ ಅನ್ನುತ್ತೇನೆ. ಅಲಾಕ್_ಪರ್‌ಸಿಪಿಯು ಬಳಸಿ. ಅದು ಪಾಸಿಬಲ್ ಪಟ್ಟಿಯಲ್ಲಿರುವ ಸಿಪಿಯುಗಳಿಗೆ ಮಾತ್ರ ಜಾಗ ಕೊಡುತ್ತದೆ, ನಡುವಿನ ತೂತಿನ ಚಿಂತೆ ಇರುವುದಿಲ್ಲ. ಇಂಟರಪ್ಟ್ ಹ್ಯಾಂಡ್ಲರ್ ಒಳಗೆ ದಿಸ್_ಸಿಪಿಯು_ಪಿಟಿಆರ್ (ಈಗ ಓಡುತ್ತಿರುವ ಸಿಪಿಯುವಿನ ಪಾಲನ್ನು ಕೊಡುವುದು) ಸಾಕು. ಇಂಟರಪ್ಟ್‌ನ ಹೊರಗೆ ಬರೆಯುವುದಿದ್ದರೆ ಗೆಟ್_ಸಿಪಿಯು_ಪಿಟಿಆರ್ ಬೇಕು, ಇಲ್ಲದಿದ್ದರೆ ಬರೆಯುವ ಹೊತ್ತಿಗೆ ನಿಮ್ಮ ಕೆಲಸ ಬೇರೆ ಸಿಪಿಯುಗೆ ಹೋಗಿರಬಹುದು. ಡೀಬಗ್‌ಎಫ್‌ಎಸ್‌ನಲ್ಲಿ (ಕರ್ನಲ್‌ನ ಡೀಬಗ್ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಪಟ್ಟಿ ತೋರಿಸುವ ಲೂಪ್ ಸೊನ್ನೆಯಿಂದ ಎಣಿಸುತ್ತಿದ್ದರೆ ಅದನ್ನೂ ಫಾರ್_ಈಚ್_ಪಾಸಿಬಲ್_ಸಿಪಿಯು ಮಾಡಿ.

ಉತ್ತರ 3

ಒಂದು ಸೇರಿಸುತ್ತೇನೆ. ಸಮಯ ಬರೆದಿಡುವ ದಾಖಲೆಗೆ 64 ಬೈಟ್ ಜಾಸ್ತಿ ಅಲ್ವಾ? ಸ್ಟ್ರಕ್ಟ್‌ಗೆ ಕ್ಯಾಶ್‌ಲೈನ್ (ಕ್ಯಾಶ್ ಒಮ್ಮೆಗೆ ತರುವ ಮೆಮರಿ ತುಂಡು) ಅಲೈನ್ ಗುರುತು ಹಾಕಿದ್ದೀರಾ? ಪಹೋಲ್ (ಸ್ಟ್ರಕ್ಟ್‌ನ ಒಳಗಿನ ಖಾಲಿ ಜಾಗ ತೋರಿಸುವ ಸಾಧನ) ಓಡಿಸಿ ನೋಡಿ.

ಆ ಗುರುತು ಬೇಕಾಗುವುದು ಬೇರೆ ಬೇರೆ ಸಿಪಿಯು ಬರೆಯುವ ಮಾಹಿತಿ ಒಂದೇ ಕ್ಯಾಶ್‌ಲೈನ್‌ನಲ್ಲಿ ಬಿದ್ದಾಗ. ಒಂದು ಪಟ್ಟಿಯ 32 ದಾಖಲೆಯನ್ನೂ ಬರೆಯುವುದು ಒಂದೇ ಸಿಪಿಯು. ಅವುಗಳ ನಡುವೆ ಖಾಲಿ ಜಾಗದಿಂದ ಉಪಯೋಗ ಇಲ್ಲ.

ಪ್ರಶ್ನೆ ಕೇಳಿದವರು

ಹೌದು, ಗುರುತು ಹಾಕಿದ್ದೆ. ಪಹೋಲ್ ಪ್ರಕಾರ ನಿಜವಾದ ಮಾಹಿತಿ 24 ಬೈಟ್, ಉಳಿದ 40 ಖಾಲಿ. ತೆಗೆದೆ. ಈಗ ಸಿಪಿಯುಗೆ 768 ಬೈಟ್, ಮೂರಕ್ಕೂ ಸೇರಿ 2304. ಬೂಟ್ ಲಾಗ್‌ನಲ್ಲಿ ಬಿಎಸ್‌ಎಸ್ 1024 ಕೆಬಿ ಇಳಿದಿದೆ. ಡೀಬಗ್‌ಎಫ್‌ಎಸ್ ಲೂಪ್‌ನಲ್ಲೂ ಅದೇ ತಪ್ಪು ಇತ್ತು, ಸರಿ ಮಾಡಿದೆ. ಸಂಜೆಯಿಂದ ಕಾಸಾನ್ ಹಾಕಿಯೇ ಓಡಿಸುತ್ತಿದ್ದೇನೆ, ಒಂದು ಸಾಲೂ ಬಂದಿಲ್ಲ.

ಸಿಪಿಯು 2 ಕೂಡ ಸಿಕ್ಕಿತು. ಬೋರ್ಡ್‌ನ ಡಿವೈಸ್ ಟ್ರೀಯಲ್ಲಿ (ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ತಿಳಿಸುವ ಫೈಲ್) ಆ ಕೋರ್‌ಗೆ ಎನೇಬಲ್-ಮೆಥಡ್ (ಅದನ್ನು ಶುರು ಮಾಡುವ ವಿಧಾನ) ಸಾಲೇ ಇರಲಿಲ್ಲ. ಸೇರಿಸಿದ ಮೇಲೆ '0-3' ಬರುತ್ತಿದೆ. ಹಳೆಯ ಡಿವೈಸ್ ಟ್ರೀ ಫೈಲನ್ನೂ ಇಟ್ಟುಕೊಂಡಿದ್ದೇನೆ, ಇನ್ನು ಮೇಲೆ ಪ್ರತಿ ಪ್ಯಾಚನ್ನೂ ಎರಡರಲ್ಲೂ ಓಡಿಸಿ ನೋಡುತ್ತೇನೆ.