ತಾನಾಗಿ ಸರಿಹೋದ ಎದೆಬಡಿತ

ರಾಘು ಚಿಕ್ಕಪ್ಪ (ಫಾರ್ವರ್ಡ್): "ಎದೆಬಡಿತ ತಪ್ಪಿದರೆ ಗ್ಯಾಸ್ಟ್ರಿಕ್ ಕಾರಣ. ತಾನಾಗಿ ಸರಿಹೋದರೆ ಯಾವ ಮಾತ್ರೆಯೂ ಬೇಡ."
ಎಲ್ಲರೂ ಓದಿ. ಕಳೆದ ತಿಂಗಳು ನನಗೂ ಹೀಗೆಯೇ ಆಗಿ, ಎರಡು ಗಂಟೆಯಲ್ಲಿ ತಾನಾಗಿ ನಿಂತಿತು.

ಮಾಲತಿ: ಚಿಕ್ಕಪ್ಪ, ಇದರ ಕೊನೆಯ ವಾಕ್ಯ ಅಪಾಯಕಾರಿ. ಹೃದಯದ ಮೇಲಿನ ಕೋಣೆಗಳಿಗೆ ಹೃತ್ಕರ್ಣ ಎನ್ನುತ್ತಾರೆ. ಬಲ ಹೃತ್ಕರ್ಣದ ಗೋಡೆಯಲ್ಲಿದ್ದು ಬಡಿತಕ್ಕೆ ತಾಳ ಹಾಕುವ ಎಸ್‌ಎ ನೋಡ್ ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಅದು ಹೃತ್ಕರ್ಣಗಳಲ್ಲಿ ಹರಡಿ, ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಏವಿ ನೋಡ್‌ನಲ್ಲಿ ಸುಮಾರು 0.1 ಸೆಕೆಂಡು ತಡೆದು, ಅಷ್ಟರಲ್ಲಿ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳು ರಕ್ತ ತುಂಬಿಕೊಂಡ ಮೇಲೆ, ಸಂಕೇತ ಸಾಗಿಸುವ ಪರ್ಕಿಂಜೆ ತಂತುಗಳ ಮೂಲಕ ಅವುಗಳನ್ನು ತಲುಪುತ್ತದೆ. ಏಟ್ರಿಯಲ್ ಫೈಬ್ರಿಲೇಷನ್ ಎಂಬ, ಬಡಿತದ ತಾಳ ತಪ್ಪುವ ತೊಂದರೆ ಆದಾಗ ಹೃತ್ಕರ್ಣಗಳಲ್ಲಿ ಅಡ್ಡಾದಿಡ್ಡಿ ಅಲೆಗಳೆದ್ದು, ಗೋಡೆ ಸರಿಯಾಗಿ ಸಂಕುಚಿಸದೆ ಬರಿದೆ ಅದುರುತ್ತದೆ. ಆಗ ಎಡ ಹೃತ್ಕರ್ಣದ ಪುಟ್ಟ ಚೀಲದಂತಹ ಭಾಗದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಪಾರ್ಶ್ವವಾಯು ಆಗುತ್ತದೆ.

ರಾಘು ಚಿಕ್ಕಪ್ಪ: ಮರುದಿನ ಇಸಿಜಿ ಮಾಡಿಸಿದೆನಮ್ಮಾ, ಎಲ್ಲವೂ ಸರಿಯಾಗಿಯೇ ಇತ್ತು. ಇನ್ನೇನು ಬೇಕು?

ಮಾಲತಿ: ಸಾಮಾನ್ಯ ಇಸಿಜಿ ದಾಖಲಿಸುವುದು ಸುಮಾರು 10 ಸೆಕೆಂಡುಗಳನ್ನು ಮಾತ್ರ, ಹಿಂದಿನ ದಿನ ಬಂದು ಹೋದದ್ದು ಅದರಲ್ಲಿ ಸಿಗುವುದಿಲ್ಲ. ಅಮ್ಮನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಕುಳಿತ ರಾತ್ರಿ ನನಗೆ ಚೆನ್ನಾಗಿ ನೆನಪಿದೆ: ಮೂರು ಬಡಿತ ಒಂದರ ಮೇಲೊಂದು, ಆಮೇಲೆ ಬೆರಳಿಗೆ ಸಿಕ್ಕಿಯೂ ಸಿಗದಂತಹ ಒಂದು, ಬಳಿಕ ಬಿಡುವು, ಮತ್ತೆ ಎರಡು. ಎಷ್ಟು ಎಣಿಸಿದರೂ ಲೆಕ್ಕಕ್ಕೆ ನಿಲ್ಲಲಿಲ್ಲ. ಬೆಳಿಗ್ಗೆ ಅವರ ಇಸಿಜಿಯೂ ಸರಿಯಾಗಿಯೇ ಇತ್ತು. ಇಡೀ ದಿನ ಮೈಮೇಲೆ ಕಟ್ಟಿಕೊಳ್ಳುವ ಹೋಲ್ಟರ್‌ ಯಂತ್ರದಲ್ಲಿ, ಅದೂ ಎರಡನೆಯ ಸಲ ಹಾಕಿಸಿದಾಗ, ದೋಷ ಸಿಕ್ಕಿತು.

ಸರಳಾ ಅತ್ತೆ: ಎಲ್ಲರನ್ನೂ ಹೆದರಿಸಬೇಡ ಮಾಲತಿ. ನನಗೆ ವರ್ಷಗಳಿಂದ ಆಗಾಗ ಒಂದು ಬಡಿತ ತಪ್ಪಿದಂತಾಗುತ್ತದೆ, ಭಯವಿಲ್ಲವೆಂದು ವೈದ್ಯರೇ ಹೇಳಿದ್ದಾರೆ.

ಮಾಲತಿ: ನಿಮ್ಮ ಮಾತು ನಿಜ ಅತ್ತೆ. ನಿಮಗಿರುವುದು ಎಕ್ಟೋಪಿಕ್ ಬಡಿತ. ಒಂದು ಬಡಿತ ಅವಧಿಗೆ ಮುನ್ನವೇ ಬಂದು, ಅದರ ಹಿಂದೆ ಬರುವ ಬಿಡುವು ತಪ್ಪಿದಂತೆ ಅನ್ನಿಸುತ್ತದೆ. ಆರೋಗ್ಯವಂತ ಹೃದಯದಲ್ಲೂ ಅದು ಸಾಮಾನ್ಯ. ಆದರೆ ನಿಮ್ಮ ವೈದ್ಯರು ಪರೀಕ್ಷಿಸಿ ಹೇಳಿದ್ದನ್ನು ಈ ಸಂದೇಶ ಯಾರನ್ನೂ ನೋಡದೆಯೇ ಎಲ್ಲರಿಗೂ ಹೇಳುತ್ತಿದೆ. ಚಿಕ್ಕಪ್ಪನವರಿಗೆ 68 ವರ್ಷ, ರಕ್ತದೊತ್ತಡವೂ ಇದೆ, ಸಕ್ಕರೆ ಕಾಯಿಲೆಯೂ ಇದೆ. ಅವರಿಗೆ ಆದದ್ದು ಫೈಬ್ರಿಲೇಷನ್ನೇ ಆಗಿದ್ದರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬೇಕೇ ಎಂದು ವೈದ್ಯರು ತೀರ್ಮಾನಿಸುವುದು ಇವನ್ನೆಲ್ಲ ನೋಡಿಯೇ ಹೊರತು, ಬಡಿತ ತಾನಾಗಿ ನಿಂತಿತೆಂಬುದನ್ನು ನೋಡಿ ಅಲ್ಲ.

ರಾಘು ಚಿಕ್ಕಪ್ಪ: ಸಂದೇಶವನ್ನು ಅಳಿಸಿದ್ದೇನೆ. ಸೋಮವಾರ ಹೃದ್ರೋಗ ತಜ್ಞರನ್ನು ಕಾಣುತ್ತೇನೆ. ನೀನೂ ಜೊತೆಗೆ ಬಾ, ಆ ಎರಡು ಗಂಟೆ ಏನೇನಾಯಿತೆಂದು ಬರೆದಿಟ್ಟುಕೊಳ್ಳುತ್ತೇನೆ.